ಬೇರೆ ಬೇರೆ ಮನೆಮಾತಿನ ಮಕ್ಕಳಿಗೆ ಒಂದೇ ತರಗತಿಯಲ್ಲಿ ಪಾಠ ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಗೆ ಹೊಸದಾಗಿ ಬಂದಿದ್ದೀರಿ. ಊರಿನ ಮಕ್ಕಳ ಜೊತೆ ಲಂಬಾಣಿ ಮಕ್ಕಳು, ಮನೆಯಲ್ಲಿ ಉರ್ದು ಆಡುವವರು, ತೋಟದ ಕೆಲಸಕ್ಕೆ ಜಾರ್ಖಂಡ್‌ನಿಂದ ಬಂದವರ ಮಕ್ಕಳು ಇದ್ದಾರೆ, ಕೆಲವರು ಬಾಯಿಯೇ ಬಿಡುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಸಾಗರ ತಾಲ್ಲೂಕಿನಲ್ಲಿ ನನ್ನದೂ ಇಂಥದೇ ಶಾಲೆ.

ಮೊದಲನೆಯದಾಗಿ, ಮಾತಾಡದ ಮಗುವನ್ನು ದಡ್ಡ ಅಂತ ತೀರ್ಮಾನ ಮಾಡಬೇಡಿ. ಹೊಸ ಭಾಷೆಯ ನಡುವೆ ಬಂದ ಮಗು ತಿಂಗಳುಗಟ್ಟಲೆ ಸುಮ್ನೆ ಕೇಳಿಸಿಕೊಳ್ಳುತ್ತದೆ. ಆಗಲೂ ಅದು ಕಲಿಯುತ್ತಲೇ ಇರುತ್ತದೆ. ಅಲ್ಲಿಯವರೆಗೆ ಬಾಯಿಂದ ಉತ್ತರ ಕೇಳಬೇಡಿ. ತೋರಿಸಲಿ, ಜೋಡಿಸಲಿ, ಚಿತ್ರ ಬರೆಯಲಿ. ಲೆಕ್ಕವನ್ನು ತನ್ನ ಮಾತಿನಲ್ಲೇ ಎಣಿಸಲಿ. ಉತ್ತರ ಸರಿ ಬಂದರೆ ಆಯ್ತು, ಅಲ್ವಾ? ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಗೆಳೆಯರ ಸಹಾಯದ ‘ತಟ್ಟೆ’ (ಮಕ್ಕಳು ಕೂರುವ ಗುಂಪು) ಇರುವುದೇ ಇದಕ್ಕೆ. ಅಂಥ ಮಗುವಿನ ಪಕ್ಕ ತಾಳ್ಮೆ ಇರುವ ಒಬ್ಬ ಗೆಳೆಯನನ್ನು ಕೂರಿಸಿ.

ಎಷ್ಟೋ ಸಲ ಬಾಯಿ ಕಟ್ಟುವುದು ನಗುವವರ ಭಯದಿಂದ. ಇದು ಹೊರಗಿನಿಂದ ಬಂದವರಿಗೆ ಮಾತ್ರ ಅಲ್ಲ. ನಮ್ಮ ಹವ್ಯಕರ ಮನೆಯ ಕನ್ನಡವೂ ದೀವರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಮಗು ಉತ್ತರ ಹೇಳುತ್ತಿರುವಾಗ ಭಾಷೆ ತಿದ್ದಲೇಬೇಡಿ. ತಿದ್ದುವುದು ಬರವಣಿಗೆಯಲ್ಲಿ ಇರಲಿ. ಹಿಂದಿ ಓದಿ ಬಂದ ಮಕ್ಕಳು ಎ–ಏ, ಒ–ಓ ಕಲಸಿಬಿಡುತ್ತಾರೆ. ದೇವನಾಗರಿಯಲ್ಲಿ ಹಿಂದಿ ಬರೆಯಲು ಆ ಹ್ರಸ್ವಗಳು ಬೇಕಾಗುವುದಿಲ್ಲ, ಅದಕ್ಕೆ. ಅದನ್ನು ಅಜಾಗರೂಕತೆ ಅಂತ ಗದರಬಾರದು. ಕೆರೆ–ಕೇರೆ, ಕೊಡು–ಕೋಡು ಅಂತ ಜೋಡಿ ಮಾಡಿ ಕೇಳಿಸಿ.

ನನಗೆ ತುಂಬಾ ಫಲ ಕೊಟ್ಟದ್ದು ಎಲ್ಲ ಮನೆಗೂ ಸಂಬಂಧಪಟ್ಟ ಕೆಲಸವನ್ನೇ ಪಾಠ ಮಾಡುವುದು. ಅನುಪಾತ ಕಲಿಸಲು ನಾನು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತೆಗೆದುಕೊಳ್ಳುತ್ತೇನೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. 250 ಲೀಟರ್ ಬೇಕಾದರೆ ಎಷ್ಟೆಷ್ಟು? ತೋಟದವರ ಮಗನಿಗೆ ಮೈಲುತುತ್ತದ ರೇಟು ಗೊತ್ತಿರುತ್ತದೆ. ಕಲಸುವ ಕೈ ಮಾತ್ರ ಕೆಲಸಗಾರರ ಮನೆಯದು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಚಾಕು ಅದ್ದಿ ನೋಡಬೇಕು, ಚಾಕು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಬೇಕು ಅನ್ನುವುದನ್ನು ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹುಡುಗ ಅರೆಬರೆ ಕನ್ನಡದಲ್ಲಿ, ಕೈಸನ್ನೆಯಲ್ಲಿ ಹೇಳುತ್ತಾನೆ. ಉಳಿದವರು ಕಿವಿಗೊಟ್ಟು ಕೇಳುತ್ತಾರೆ. ಚಾಕು ಯಾಕೆ ಕೆಂಪಾಯಿತು ಅನ್ನುವಲ್ಲಿಗೆ ತಾಮ್ರದ ವಿಜ್ಞಾನ ಪಾಠವೂ ಶುರು.

ರಾಜ್ಯೋತ್ಸವಕ್ಕೆ ಲಂಬಾಣಿ ಹುಡುಗಿಗೆ ಕನ್ನಡಿ ಲಂಗ ಹಾಕಿಸಿ ಕುಣಿಸುವುದನ್ನೇ ಸಂಸ್ಕೃತಿಯ ಗೌರವ ಅಂದುಕೊಂಡವರಿದ್ದಾರೆ. ಅವಳಿಗೆ ಇಷ್ಟವಿದ್ದರೆ ಕುಣಿಯಲಿ. ಆದರೆ ಗೌರವ ಗೊತ್ತಾಗುವುದು ಬಿಸಿಯೂಟದ ಹೊತ್ತಿಗೆ. ಮೊಟ್ಟೆ ತಿನ್ನುವವರದ್ದೊಂದು ಸಾಲು, ಬಾಳೆಹಣ್ಣಿನವರದ್ದೊಂದು ಸಾಲು ಆಗಲು ಬಿಡಬೇಡಿ. ಈ ವಿಷಯದಲ್ಲಿ ಗಟ್ಟಿಯಾಗಿರಿ, ಯಾರು ಬಂದು ಏನೇ ಹೇಳಲಿ.

ಜುಲೈ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಏನೂ ಕೇಳಿಸುವುದಿಲ್ಲ. ಕನ್ನಡ ಹೊಸದಾದ ಮಕ್ಕಳಿಗೇ ಕಷ್ಟ ಜಾಸ್ತಿ. ಅವರನ್ನು ಮುಂದೆ ಕೂರಿಸಿ, ಬೋರ್ಡ್ ಮೇಲೆ ಹೆಚ್ಚು ಬರೆಯಿರಿ.

ಕಾಫಿ ಕೊಯ್ಲು ಶುರುವಾದರೆ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಹೊರಟುಬಿಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಕೇಳಿದ ತಕ್ಷಣ ಕೊಡಬೇಕು. ಬರುವ ಮಗುವಿನ ಟಿಸಿ ತಡವಾದರೂ ದಾಖಲಾತಿ ನಿಲ್ಲಿಸುವಂತಿಲ್ಲ. ಹೋಗುವ ಮಗುವಿನ ಕೈಯಲ್ಲಿ ಒಂದು ಚೀಟಿಯನ್ನೂ ಕೊಡಿ: ಯಾವ ಪಾಠದವರೆಗೆ ಆಗಿದೆ, ಯಾವುದು ಚೆನ್ನಾಗಿ ಬರುತ್ತದೆ, ಮನೆಮಾತು ಯಾವುದು. ಅಲ್ಲಿನ ಮೇಷ್ಟ್ರಿಗೆ ಮೊದಲಿನಿಂದ ಹುಡುಕುವ ಕೆಲಸ ತಪ್ಪುತ್ತದೆ.