ಪಿಸ್ತೂಲು ಬೇಡ, ಸೊಂಟಕ್ಕೆ ಸ್ಪ್ರೇ ಕಟ್ಟಿಕೊಳ್ಳಿ

ಎಚ್-1ಬಿ ವೀಸಾದಲ್ಲಿ ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಗಿದೆ, ಆಗಸ್ಟ್‌ನಲ್ಲಿ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಮೂರು ರಾತ್ರಿ ಡೇರೆ ಹಾಕಿ ಚಾರಣ ಮಾಡುವವರಿದ್ದೀರಿ, ಕರಡಿ ಬಂದರೆ ಇರಲಿ ಎಂದು ಸಹೋದ್ಯೋಗಿಯೊಬ್ಬರು ತಮ್ಮ ಪಿಸ್ತೂಲನ್ನು ಕೊಡುತ್ತೇನೆ ಎಂದಿದ್ದಾರೆ, ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಮುಟ್ಟಲೂ ಬೇಡ.

ಕರಡಿಯ ಮಾತು ಆಮೇಲೆ, ಮೊದಲು ಕಾನೂನು. ನಿಮ್ಮಂತೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಹೊಂದುವುದು ಎಂದರೆ ಕೊಳ್ಳುವುದಷ್ಟೇ ಅಲ್ಲ. ಇನ್ನೊಬ್ಬರದ್ದನ್ನು ಮೂರು ದಿನ ಚೀಲದಲ್ಲಿ ಇಟ್ಟುಕೊಂಡರೂ ಅದೇ. ಕೊಟ್ಟ ಪುಣ್ಯಾತ್ಮರೂ ಸಿಕ್ಕಿಬೀಳಬಹುದು. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ, ಅದರ ಬೆನ್ನಿಗೇ ಗಡೀಪಾರಿನ ಭಯ. ಬೇಟೆಯ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ ನಿಜ. ವಲಸೆ ವಕೀಲರನ್ನು ಕೇಳದೆ ಆ ಸಂದಿಯಲ್ಲಿ ತಲೆ ತೂರಿಸಬೇಡಿ. 2010ರಿಂದ ರಾಷ್ಟ್ರೀಯ ಉದ್ಯಾನಗಳಿಗೆ ಬಂದೂಕು ಒಯ್ಯಬಹುದು ಎಂದು ಸಹೋದ್ಯೋಗಿ ವಾದಿಸಿದರೆ ಅದೂ ಸುಳ್ಳಲ್ಲ. ಆದರೆ ಆ ಮಾತು ಬಂದೂಕು ಇಟ್ಟುಕೊಳ್ಳುವ ಹಕ್ಕು ಇರುವವರಿಗೆ.

ಕಾಯಂ ವಾಸದ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ನನಗೆ ಆ ಅಡ್ಡಿ ಇರಲಿಲ್ಲ. ಉತ್ಸಾಹದಿಂದ ಒಮ್ಮೆ ಗುರಿ ಅಭ್ಯಾಸಕ್ಕೂ ಹೋದೆ. ಅಲುಗಾಡದೆ ನಿಂತಿದ್ದ ಕಾಗದಕ್ಕೆ ಹೊಡೆದ ಹತ್ತು ಗುಂಡುಗಳಲ್ಲಿ ಆರು ಗೋಡೆಗೆ ಹೋದವು. ಗ್ರಿಜ್ಲಿ ಎಂಬ ಇಲ್ಲಿನ ಕಂದು ಕರಡಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲ ಪ್ರಾಣಿ. ಅಂದೇ ಆಸೆ ಬಿಟ್ಟೆ. ಪಿಸ್ತೂಲು ಕೆಲಸಕ್ಕೇ ಬಾರದು ಎನ್ನುವುದಿಲ್ಲ, ಪಳಗಿದ ಕೈಗೆ ಅದು ಒದಗಿದ ಪ್ರಸಂಗಗಳು ಬಹಳ ಇವೆ. ಆದರೆ ಅಲಾಸ್ಕಾದ ಘಟನೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರಡಿ ಓಡಿಸುವ ಮೆಣಸಿನ ಖಾರದ ಸ್ಪ್ರೇ ಹಿಡಿದು ಕರಡಿಗೆ ಹತ್ತಿರದಿಂದ ಎದುರಾದವರಲ್ಲಿ ಶೇಕಡ 98 ಮಂದಿಗೆ ಗಾಯವಾಗಿರಲಿಲ್ಲ. ನಮ್ಮಂಥ ಎಡವಟ್ಟು ಕೈಗಳಿಗೆ ಅದೇ ಸರಿ.

ಆ ಸ್ಪ್ರೇ ಎಲ್ಲಿರಬೇಕು ಎಂಬುದನ್ನು ನಾನು ಕಲಿತದ್ದು ಅದೇ ಉದ್ಯಾನದ ಮೆನಿ ಗ್ಲೇಸಿಯರ್ ಕಡೆಯ ಒಂದು ತಿರುವಿನಲ್ಲಿ. ನಾನು ಹೊಸಪೇಟೆ ಕಡೆಯವನು. ದರೋಜಿಯಲ್ಲಿ ಬಂಡೆಗೆ ಬಳಿದ ಬೆಲ್ಲ ನೆಕ್ಕಲು ಬರುವ ಕರಡಿಗಳನ್ನು ದೂರದಿಂದ ನೋಡಿದವನು, ಕರಡಿ ನನಗೆ ಹೊಸದಲ್ಲ ಎಂಬ ಜಂಬ ಬೇರೆ. ಹಕಲ್‌ಬೆರಿ ಪೊದೆಯಿಂದ ಹೆಗಲ ಮೇಲೆ ಡುಬ್ಬವಿರುವ ಕಂದು ಗ್ರಿಜ್ಲಿಯೊಂದು ನಲವತ್ತು ಹೆಜ್ಜೆ ದೂರದಲ್ಲಿ ತಲೆ ಎತ್ತಿತು. ಬೆನ್ನ ಚೀಲದ ಪಕ್ಕದ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ನೀರಿನ ಬಾಟಲಿ. ಅಷ್ಟರಲ್ಲಿ ನನ್ನ ಹೆಂಡತಿ ಸೊಂಟದ ಡಬ್ಬಿ ತೆಗೆದು, ಹೆಬ್ಬೆರಳಿನಿಂದ ಬೀಗದ ಕ್ಲಿಪ್ ತಳ್ಳಿ ನಿಂತಾಗಿತ್ತು. ಕರಡಿ ನಮ್ಮನ್ನು ನೋಡಿತು, ಇನ್ನೊಂದು ಬಾಯಿ ಹಣ್ಣು ಮುಕ್ಕಿತು, ಇಳಿಜಾರಿನಲ್ಲಿ ಇಳಿದು ಹೋಯಿತು. ಆ ಕಥೆಯನ್ನು ಅವಳು ಈಗಲೂ ಬಂದ ನೆಂಟರಿಗೆಲ್ಲ ಹೇಳುತ್ತಾಳೆ.

ಆದ್ದರಿಂದ ಡಬ್ಬಿ ಸೊಂಟದ ಪಟ್ಟಿಯಲ್ಲೇ ಇರಲಿ. ಖಾರವಿಲ್ಲದ ಅಭ್ಯಾಸದ ಡಬ್ಬಿಗಳು ಸಿಗುತ್ತವೆ, ಒಂದನ್ನು ಹಿತ್ತಿಲಲ್ಲಿ ಖಾಲಿ ಮಾಡಿ. ಕರಡಿ ಒಂಬತ್ತರಿಂದ ಹದಿನೆಂಟು ಮೀಟರ್ ಹತ್ತಿರಕ್ಕೆ ನುಗ್ಗಿದಾಗ, ತುಸು ಕೆಳಕ್ಕೆ ಗುರಿಯಿಟ್ಟು ಒತ್ತಬೇಕು. ಖಾರದ ಮೋಡದೊಳಕ್ಕೆ ಅದೇ ಓಡಿಬರುತ್ತದೆ. ಸೊಳ್ಳೆಗೆ ಹಚ್ಚಿಕೊಂಡಂತೆ ಮೈಗೆ, ಡೇರೆಗೆ ಹೊಡೆದುಕೊಳ್ಳುವವರೂ ಇದ್ದಾರೆ, ಅದು ಬೇಡ.

ನಡೆಯುವಾಗ ತಿರುವುಗಳಲ್ಲಿ, ತೊರೆಯ ಸದ್ದಿರುವಲ್ಲಿ ಕೂಗುತ್ತಾ ಹೋಗಿ. ನಾನು ಕನ್ನಡದಲ್ಲೇ ಕೂಗುತ್ತೇನೆ, "ಕರಡಿಯಪ್ಪಾ, ಬಂದೆವೋ!" ಎಂದು. ಕಂಡರೆ ಓಡಬೇಡಿ, 91 ಮೀಟರ್ ಅಂತರ ಅಲ್ಲಿನ ನಿಯಮ. ದರೋಜಿಯ ಕರಡಿಗೆ ಬೆಲ್ಲ ಹೇಗೋ ಇಲ್ಲಿನ ಕರಡಿಗೆ ನಿಮ್ಮ ಚಟ್ನಿಪುಡಿ ಹಾಗೆ. ಹುರಿಗಾಳು, ಟೂತ್‌ಪೇಸ್ಟ್ ಸಹಿತ ವಾಸನೆಯ ಯಾವ ವಸ್ತುವನ್ನೂ ಡೇರೆಯೊಳಗೆ ಇಡದೆ, ಶಿಬಿರದಲ್ಲಿ ಆಹಾರ ತೂಗುಹಾಕಲು ಮಾಡಿರುವ ಜಾಗದಲ್ಲೇ ಕಟ್ಟಿ.

ಇನ್ನೊಂದು: ಸ್ಪ್ರೇಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಮಾಡುವ ಸಾಮಾನಿನಲ್ಲೂ ಇಲ್ಲ. ಉದ್ಯಾನದ ಹತ್ತಿರದ ಊರಾದ ಕ್ಯಾಲಿಸ್ಪೆಲ್‌ನಲ್ಲಿ ಇಳಿದ ಮೇಲೆ ಕೊಳ್ಳಿ, ಅವಧಿ ಮುಗಿಯುವ ದಿನಾಂಕ ನೋಡಿ ಕೊಳ್ಳಿ.