ಮಳೆ ಬಾರದ ದಿನವೂ ಬರೆಯಿರಿ

ಮಾನ್ಯರೇ,

‘ನಮ್ಮ ಹೊಲಕ್ಕೆ ಹದ ಮಳೆ, ಹಳ್ಳದಾಚೆ ಹನಿಯಿಲ್ಲ. ನಮ್ಮಂಥವರು ಅಳೆದಿಟ್ಟರೆ ಅದೂ ವಿಜ್ಞಾನವೇ?’ ಎಂದು ತಾಳಿಕೋಟೆ ಕಡೆಯಿಂದ ಕೇಳಿದ್ದೀರಿ. ಖಂಡಿತ ವಿಜ್ಞಾನವೇ. ಅಮೆರಿಕದ ಫೋರ್ಟ್ ಕಾಲಿನ್ಸ್‌ನಲ್ಲಿ 1997ರ ಜುಲೈನಲ್ಲಿ ಊರಿನ ಒಂದು ಮಗ್ಗುಲಿಗೆ ಅಡಿಗೂ ಮಿಕ್ಕಿ ಮಳೆ ಸುರಿದು ನೆರೆ ಬಂತು, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಸಾಧಾರಣ ಮಳೆ. ಮರುವರ್ಷವೇ ಅಲ್ಲಿ ಮನೆಮನೆಯವರು ಮಳೆ ಅಳೆಯುವ ‘ಕೊಕೊರಾಸ್’ ಜಾಲ ಶುರುವಾಯಿತು.

ಬೇಕಾದದ್ದು ಎರಡು ಲೀಟರಿನ ಕ್ಯಾನು, ಬಾಯಿ 11.3 ಸೆಂ.ಮೀ. ಅಗಲದ ಲಾಳಿಕೆ, ನೀರು ಅಳೆಯಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜು, ಲಾಳಿಕೆ ಕೂರಿಸಿದ ಕ್ಯಾನನ್ನು ಕಟ್ಟಲು ಒಂದು ಗೂಟ. ಈ ಅಗಲಕ್ಕೆ ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಆಗುವುದರಿಂದ 10 ಮಿ.ಲೀ. ನೀರೆಂದರೆ 1 ಮಿ.ಮೀ. ಮಳೆ. 16 ಸೆಂ.ಮೀ.ನ ಲಾಳಿಕೆ ಸಿಕ್ಕರೆ 20 ಮಿ.ಲೀ.ಗೆ 1 ಮಿ.ಮೀ. ಎಂದು ಲೆಕ್ಕ ಹಿಡಿಯಿರಿ. ಜೋರು ಮಳೆಯ ನೀರಿಗೆ ಶಾಲೆಯ ಲ್ಯಾಬಿನ ಅಳತೆ ಜಾಡಿ ತನ್ನಿ. ತಟ್ಟೆಯಂಥ ಲಾಳಿಕೆ ಮಾತ್ರ ಬೇಡ, ಹನಿ ಸಿಡಿದು ಹೊರಗೆ ಬೀಳುತ್ತದೆ.

ತಪ್ಪುವುದು ಹೆಚ್ಚಾಗಿ ಜಾಗದಲ್ಲಿ. ಮಾಳಿಗೆ ಮೇಲಿಟ್ಟರೆ ಗಾಳಿ ಹನಿಗಳನ್ನು ಹೊತ್ತೊಯ್ದು ಅಳತೆ ಕಡಿಮೆ ಬರುತ್ತದೆ. ಲಾಳಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರಲಿ; ಹವಾಮಾನ ಇಲಾಖೆಯ ಮಳೆಮಾಪಕದ ಎತ್ತರವೂ ಅಷ್ಟೇ. ಆರು ಮೀಟರ್ ಎತ್ತರದ ಬೇವಿನಮರವಿದ್ದರೆ ಹನ್ನೆರಡು ಮೀಟರಾದರೂ ದೂರ ಇಡಿ. ಇನ್ನು ನಿಮ್ಮದು ಎರೆಭೂಮಿ. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಆ ಮಣ್ಣಿನಲ್ಲಿ ನೆಟ್ಟ ಗೂಟ ಒಂದೇ ಹಂಗಾಮಿನಲ್ಲಿ ವಾಲುತ್ತದೆ. ಗುಂಡಿಗೆ ಗರಸು ತುಂಬಿ ಗಟ್ಟಿಯಾಗಿ ಬಡಿಯಿರಿ, ತಿಂಗಳಿಗೊಮ್ಮೆ ಬಾಯಿ ಮಟ್ಟಸವಾಗಿದೆಯೇ ನೋಡಿ. ಎಲೆ, ಹಕ್ಕಿಯ ಹಿಕ್ಕೆ ಕೂತು ಕೊಳವೆ ಕಟ್ಟದಂತೆ ದಿನವೂ ಒರೆಸಿ.

ಅಳೆಯುವುದು ಬೆಳಗಿನ 8.30ಕ್ಕೆ. ಇಲಾಖೆಯ ಮಳೆದಿನ ಮುಗಿಯುವುದು ಆಗಲೇ. ಬಂದ ಅಂಕಿಯನ್ನು ಅಳೆದ ದಿನದ ತಾರೀಖಿಗೇ ಬರೆಯಬೇಕು. ಮಳೆ ಬಾರದಿದ್ದರೆ 0 ಎಂದು ಬರೆಯಿರಿ. ವಹಿಯಲ್ಲಿ ಖಾಲಿ ಬಿಟ್ಟ ಚೌಕ ಸೊನ್ನೆಯಲ್ಲ, ‘ಯಾರೂ ನೋಡಲಿಲ್ಲ’ ಎಂದರ್ಥ. ಸೆಪ್ಟೆಂಬರಿನಲ್ಲಿ, ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ, ಎಷ್ಟು ದಿನ ಒಣ ಹೋಯಿತೆಂದು ಹೇಳುವವು ಈ ಸೊನ್ನೆಗಳೇ. ಎರಡು ದಿನ ತಪ್ಪಿದರೆ ಕೂಡಿದ ನೀರನ್ನು ಅಂದಾಜಿನಲ್ಲಿ ಹಂಚಬೇಡಿ, ‘ಎರಡು ದಿನದ್ದು’ ಎಂದೇ ಬರೆಯಿರಿ.

ಜನರನ್ನು ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಊರೆಲ್ಲ ಕೂಡಿಸಬೇಡಿ, ಐದು ಮನೆ ಸಾಕು: ಹಳ್ಳದ ಈಚೆ ಮೂರು, ಆಚೆ ಎರಡು. ಪ್ರತಿ ಕ್ಯಾನಿಗೂ ಇಬ್ಬರಿರಲಿ. ಒಬ್ಬರು ಮದುವೆ, ಜಾತ್ರೆಗೆ ಹೋದರೆ ಇನ್ನೊಬ್ಬರು ನೋಡುತ್ತಾರೆ. ಐದೂ ಮನೆಯ ಅಂಕಿ ದಿನವೂ ಪಂಚಾಯತಿ ಎದುರಿನ ಹಲಗೆ ಮೇಲೆ ಬೀಳಲಿ. ತಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎನಿಸಿದ ದಿನವೇ ಜನ ಬಿಡುತ್ತಾರೆ, ಅವರದೇನೂ ತಪ್ಪಲ್ಲ.

ರೋಹಿಣಿ ಮಳೆ ಕೂಡುವ ಮೊದಲೇ ಗೂಟ ನೆಡಿ. ಮೊದಲ ತಿಂಗಳ ವಹಿಯ ಪುಟ ನಮಗೆ ಕಳಿಸಿ. ಖಾಲಿ ಚೌಕಗಳಿದ್ದರೆ ತುಂಬದೆ, ಇದ್ದಂತೆಯೇ ಕಳಿಸಿ.

— ಸಂಪಾದಕ