ಓನರ್ ಅಜ್ಜಿಯ ಕನಸು, ನಿನ್ನ ಮಡಿಲು

ತಂಗಿ,

ನಿನ್ನ ಮೆಸೇಜು ನಿನ್ನೆ ರಾತ್ರಿಯೇ ಓದಿದೆ. ತಕ್ಷಣ ಉತ್ತರ ಬರೆಯಲು ಆಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ದಾವಣಗೆರೆಯಿಂದ ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದು ನಾಲ್ಕು ತಿಂಗಳು. ಈಗ ಮೂರನೇ ತಿಂಗಳ ಬಸುರಿ. ಊರಲ್ಲಿ ಅಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಅಷ್ಟರಲ್ಲಿ ಕೆಳಗಿನ ಮನೆಯ ಓನರ್ ಅಜ್ಜಿ ಬೆಳಿಗ್ಗೆ ಬೆಳಿಗ್ಗೆಯೇ ಬಾಗಿಲು ತಟ್ಟಿ, 'ಗುಡ್ಡದ ಹಿಂದಿನಿಂದ ಕೆಂಪು ಸೂರ್ಯ ಉರುಳಿಕೊಂಡು ಬಂದು ನಿನ್ನ ಲಂಗದೊಳಗೆ ಬಿತ್ತು, ನಿನಗೆ ಮಗು ಅಲ್ವಾ?' ಅಂದರು. ಆಮೇಲೆ ನಕ್ಕು, 'ಸಾವಿರ ವೊನ್ ಕೊಡು, ಕನಸು ನಿನಗೆ ಮಾರುತ್ತೇನೆ' ಅಂದರು. ನೀನು ಹೆದರಿ ಬಾಗಿಲು ಹಾಕಿಕೊಂಡೆ. ಇದು ಮಾಟವಾ, ದೃಷ್ಟಿಯಾ, ದುಡ್ಡು ಕೊಡಬೇಕಾ, ಸೂರ್ಯ ಅಂದರೆ ಗಂಡು ಮಗುವಾ ಅಂತ ಕೇಳಿದ್ದೀಯ. ಜೊತೆಗೆ ಆಸ್ಪತ್ರೆ, ಊಟ, ಅಮ್ಮನ ವೀಸಾ.

ಆಸ್ಪತ್ರೆ ಮೊದಲು ಮುಗಿಸಿಬಿಡುತ್ತೇನೆ. ಹೆಲ್ತ್ ಇನ್ಶೂರೆನ್ಸ್‌ನಲ್ಲಿ ನಿನ್ನ ಹೆಸರು ಸೇರಿದ್ದರೆ ಬಸುರಿಯರಿಗೆ ಕೊಡುವ ಕಾರ್ಡು ಮಾಡಿಸು. ಅದರಲ್ಲಿ ಹತ್ತು ಲಕ್ಷ ವೊನ್ ಇರುತ್ತದೆ, ಸ್ಕ್ಯಾನಿಂಗಿಗೆ ಆಗುತ್ತದೆ. ಬೊಗನ್‌ಸೊಗೆ, ಅಂದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೆ ಗುಲಾಬಿ ಬ್ಯಾಡ್ಜು ಕೊಡುತ್ತಾರೆ. ಬ್ಯಾಗಿಗೆ ಕಟ್ಟಿಕೋ. ಮೆಟ್ರೋದಲ್ಲಿ ಗುಲಾಬಿ ಸೀಟು ಇರುವುದು ನಿನಗೇ. ನಾಚಿಕೊಳ್ಳಬೇಡ. ಮಗು ಇಲ್ಲಿ ಹುಟ್ಟಿದರೂ ಭಾರತದ್ದೇ ಪ್ರಜೆ. ಸಿಯೋಲ್‌ನ ನಮ್ಮ ಎಂಬೆಸಿಯಲ್ಲಿ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಿ, ಹುಟ್ಟಿದ 90 ದಿನದೊಳಗೆ ಇಮಿಗ್ರೇಶನ್ ಕೆಲಸ ಮುಗಿಸಬೇಕು. ಅಮ್ಮನ ವೀಸಾ ಬಗ್ಗೆ ನಿನ್ನ ಗಂಡನ ಆಫೀಸಿನವರನ್ನೇ ಕೇಳು, ನನ್ನ ಕಾಲದ ನಿಯಮ ಈಗ ನಡೆಯುವುದಿಲ್ಲ. ಅಮ್ಮ ಬರುವುದಾದರೆ ಚಳಿಗೆ ಮುಂಚೆ ಬರಲಿ.

ಈಗ ಸೂರ್ಯನ ವಿಷಯ.

ಮಾಟವೂ ಅಲ್ಲ, ದೃಷ್ಟಿಯೂ ಅಲ್ಲ. ಅದಕ್ಕೆ ಇಲ್ಲಿ 'ಥೆಮೊಂಗ್' ಅನ್ನುತ್ತಾರೆ. ಬಸುರಿನ ಕನಸು. ಬಸುರಿಯೇ ಕಾಣಬೇಕು ಅಂತಿಲ್ಲ. ಗಂಡ, ಅತ್ತೆ, ಅಮ್ಮ, ಗೆಳತಿ, ಪಕ್ಕದ ಮನೆಯವರು ಯಾರು ಬೇಕಾದರೂ ಕಾಣಬಹುದು. ಎಷ್ಟೋ ಸಲ ಬಸುರಿಗೇ ಗೊತ್ತಾಗುವ ಮೊದಲು ಇನ್ಯಾರಿಗೋ ಕನಸು ಬಿದ್ದಿರುತ್ತದೆ. 'ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿಯಾ' ಅಂತ ಫೋನ್ ಬರುತ್ತದೆ. ಹುಲಿ, ಹಂದಿ, ಹಾವು, ಡ್ರ್ಯಾಗನ್, ಪೀಚ್ ಹಣ್ಣು, ಮೆಣಸಿನಕಾಯಿ, ಒಂದೊಂದಕ್ಕೂ ಒಂದೊಂದು ಅರ್ಥ ಹೇಳುತ್ತಾರೆ. ಅದರಲ್ಲಿ ಸೂರ್ಯ ದೊಡ್ಡದು. ಅಪ್ಪಿಕೊಂಡ, ನುಂಗಿದ, ಮಡಿಲಿಗೆ ಬಿದ್ದ ಸೂರ್ಯ ಅಂದರೆ ಹತ್ತು ಜನರಿಗೆ ಬೆಳಕಾಗುವ ಮಗು. ಹಳಬರು ಸೂರ್ಯ ಗಂಡು, ಚಂದ್ರ ಹೆಣ್ಣು ಅನ್ನುತ್ತಿದ್ದರು.

ನಿನ್ನ ಓನರ್ ಅಜ್ಜಿ ಸುಮ್ಮನೆ ಹೊಸದಾಗಿ ಏನೋ ಕಟ್ಟಿ ಹೇಳಿದ್ದಲ್ಲ. ಹದಿಮೂರನೇ ಶತಮಾನದಲ್ಲಿ ಇರ್ಯೋನ್ ಅನ್ನುವ ಬೌದ್ಧ ಭಿಕ್ಷು ಇದ್ದರು (1206–1289). ಕೊರಿಯಾದ ಹಳೆಯ ರಾಜರ ಕಥೆಗಳನ್ನೆಲ್ಲ 'ಸಾಮ್‌ಗುಕ್ ಯೂಸಾ' ಅಂತ ಕೂಡಿಟ್ಟವರು ಅವರೇ. ಅವರ ತಾಯಿಗೆ ಸೂರ್ಯ ಮನೆಯೊಳಗೆ ಬಂದು ಹೊಟ್ಟೆಯ ಮೇಲೆ ಬೆಳಗಿದ ಕನಸು ಬಿತ್ತಂತೆ. ಒಂದು ರಾತ್ರಿ ಅಲ್ಲ, ಮೂರು ರಾತ್ರಿ. ಅದಕ್ಕೇ ಮಗುವಿನ ಮೊದಲ ಹೆಸರಿನಲ್ಲಿ ಬೆಳಕು ಇದೆ: ಗ್ಯೋನ್‌ಮ್ಯೋಂಗ್, ಬೆಳಕು ಕಂಡವನು. ಅವರು ಕೂಡಿಟ್ಟ ಕಥೆಗಳಲ್ಲೇ ಯೂಹ್ವಾ ಇದ್ದಾಳೆ, ನದಿ ದೇವರ ಮಗಳು. ರಾಜ ಅವಳನ್ನು ಕೋಣೆಯಲ್ಲಿ ಕೂಡಿಹಾಕಿದ. ಬಿಸಿಲು ಒಳಗೆ ಬಂತು. ಅವಳು ಪಕ್ಕಕ್ಕೆ ಸರಿದಳು, ಬಿಸಿಲೂ ಜೊತೆಗೆ ಸರಿಯಿತು. ಹಾಗೆ ಬಸುರಾಗಿ ಒಂದು ಮೊಟ್ಟೆ ಹೆತ್ತಳು. ಅದನ್ನು ನಾಯಿ ಹಂದಿಗಳಿಗೆ ಎಸೆದರೂ ಅವು ಮುಟ್ಟಲಿಲ್ಲ. ಅದರೊಳಗಿಂದ ಬಂದವನೇ ಗೊಗುರ್ಯೋ ರಾಜ್ಯ ಕಟ್ಟಿದ ಜುಮೊಂಗ್.

ನಿನಗೂ ಈಗ ಕುಂತಿ ನೆನಪಾದಳು, ಅಲ್ವಾ? ನಮ್ಮಮ್ಮನಿಗೂ ಆಗಿದ್ದಳು. ನನ್ನ ತಪ್ಪು ಶುರುವಾಗಿದ್ದು ಅಲ್ಲಿಂದಲೇ.

ನಾನು ಬಂದಿದ್ದು 2011ರ ಜನವರಿ. ಸುವೊನ್‌ನ ಹಳೇ ಊರಿನಲ್ಲಿ, ಪಾಲ್ದಾಲ್ ಗುಡ್ಡದ ಹತ್ತಿರ ಮೂರು ಅಂತಸ್ತಿನ ಮನೆ. ಮೇಲಿನದು ನಮಗೆ, ಕೆಳಗೆ ಓನರ್ ಅಜ್ಜಿ. ಬಂದ ಮೊದಲ ವಾರ ನಲ್ಲಿ ನೀರು ಹೆಪ್ಪುಗಟ್ಟಿ, ಅಜ್ಜಿ ಹೇರ್ ಡ್ರೈಯರ್ ಹಿಡಿದುಕೊಂಡು ಪೈಪಿನ ಮುಂದೆ ಅರ್ಧ ಗಂಟೆ ಕೂತಿದ್ದರು. ನನ್ನನ್ನು 'ಸೆದೆಕ್' ಅನ್ನುತ್ತಿದ್ದರು, ಹೊಸ ಸೊಸೆ ಅಂತ. ಆಗ ಫೋನಿನಲ್ಲಿ ಅನುವಾದ ಮಾಡುವ ಪಪಾಗೊ ಇರಲಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಸಂಸಾರ ಮಾಡಿದವರು. ನಿಮ್ಮಷ್ಟು ಸುಲಭ ಇರಲಿಲ್ಲ. (ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ಬೈದುಕೋ.)

2012ರಲ್ಲಿ ನಾನು ಬಸುರಿ. ಒಂದು ದಿನ ತಾರಸಿಗೆ ಬಟ್ಟೆ ಒಣಹಾಕಲು ಹೋಗಿದ್ದೆ. ಅಜ್ಜಿ ಜಾಡಿಗಳ ಮುಚ್ಚಳ ತೆಗೆದು ಬಿಸಿಲಿಗೆ ಬಿಡುತ್ತಿದ್ದರು. ನನ್ನನ್ನು ನೋಡಿದವರೇ ಹತ್ತಿರ ಬಂದು, ಮೊದಲು ಆಕಾಶ ತೋರಿಸಿದರು. ಆಮೇಲೆ ನನ್ನ ಹೊಟ್ಟೆ. ಆಮೇಲೆ ತಮ್ಮ ಲಂಗದ ಮುಂಭಾಗ ಎರಡೂ ಕೈಯಲ್ಲಿ ಹಿಡಿದು, ಏನೋ ಬಿದ್ದ ಹಾಗೆ ಮಾಡಿ ಮುಚ್ಚಿಕೊಂಡರು. ಥೆಮೊಂಗ್ ಅನ್ನುವ ಪದ ಅದಾಗಲೇ ಗಂಡನ ಆಫೀಸಿನವರಿಂದ ಕೇಳಿದ್ದೆ. ಅರ್ಥವಾಯಿತು. ಅವರು ಇನ್ನೂ ಹೇಳುತ್ತಿದ್ದರು. ಎಲ್ಲಿಂದ ಬಂತು, ಹೇಗಿತ್ತು, ಏನೇನೋ.

ನಾನು ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ, 'ಸೂರ್ಯನಾ? ಕುಂತಿ ಪಾಡು ಗೊತ್ತಲ್ಲ! ಮಗುವನ್ನು ನೀರಿಗೆ ಬಿಟ್ಟಳು. ಇನ್ನೊಬ್ಬರು ಕಂಡ ಕನಸು ಬೇರೆ. ಇನ್ನು ಆಯಮ್ಮ ಆ ಮಾತೆತ್ತಿದರೆ ಕೇಳಿಸಿಕೊಳ್ಳಬೇಡ' ಅಂದರು. ಅದಕ್ಕೂ ಮುಂಚೆ ನನಗೆ ಒಂದು ಸಲ ಹೊಟ್ಟೆ ನಿಂತಿರಲಿಲ್ಲ. ಅದಕ್ಕೇ ಇಬ್ಬರಿಗೂ ಹೆದರಿಕೆ ಜಾಸ್ತಿ.

ಮಾರನೆಯ ದಿನ ಅಜ್ಜಿ ತಮ್ಮ ತಂಗಿಯನ್ನೂ ಕರೆದುಕೊಂಡು ಬಂದರು, ಕನಸು ಪೂರ್ತಿ ಹೇಳಲು. ತಂಗಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ನಾನು ಎರಡೂ ಕೈ ಅಡ್ಡ ಮಾಡಿ 'ಹಾಜಿಮಾಸೆಯೊ' ಅಂದೆ. ಬೇಡ, ಮಾಡಬೇಡಿ ಅಂತ. ನನಗೆ ಗೊತ್ತಿದ್ದ ನಾಲ್ಕು ಕೊರಿಯನ್ ಮಾತಿನಲ್ಲಿ ಅದೂ ಒಂದು. ಅಜ್ಜಿ ಹಿಡಿದುಕೊಂಡಿದ್ದ ಲಂಗದ ಅಂಚನ್ನು ಹಾಗೇ ಬಿಟ್ಟುಬಿಟ್ಟರು. ಆಮೇಲೂ ಮೊದಲಿನ ಹಾಗೇ ಮಾತಾಡಿಸಿದರು. ಬಾಣಂತನಕ್ಕೆ ಕಡಲ ಪಾಚಿಯ ಸಾರು ಮಾಡಿ ಕಳಿಸಿದರು. ಕನಸಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆ ಲಂಗ ಹಿಡಿದಿದ್ದು ಏನು ಅಂತ ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ. ಊರಲ್ಲಿ ನನ್ನ ಒಡಹುಟ್ಟಿದ ತಂಗಿಯ ಸೀಮಂತ. ಅತ್ತಿಗೆಯರು ಅಕ್ಕಿ, ಕೊಬ್ಬರಿ, ಬೆಲ್ಲ, ಹಣ್ಣು ತಂದು ಅವಳ ಮಡಿಲಿಗೆ ಹಾಕುತ್ತಿದ್ದರು. ಅವಳು ಸೆರಗು ಹಿಡಿದು ಕೂತಿದ್ದಳು, ಎರಡೂ ಕೈಯಲ್ಲಿ. ಅದೇ ಕೈ, ಅದೇ ಹಿಡಿತ. ಅಲ್ಲೇ ಎದ್ದು ಹಿತ್ತಲಿಗೆ ಹೋದೆ. ನಿಮ್ಮ ಕಡೆ ಉಡಿ ತುಂಬುವುದು ಅನ್ನುತ್ತೀರಿ. ಅಜ್ಜಿ ನನ್ನ ಮಡಿಲು ತುಂಬಲು ಬಂದಿದ್ದರು. ಊರಿನಿಂದ ಯಾರೂ ಬಂದಿರಲಿಲ್ಲ, ನನಗೆ ಸೀಮಂತವೇ ಆಗಿರಲಿಲ್ಲ. ಅವರ ಹತ್ತಿರ ಅಕ್ಕಿ ಬೆಲ್ಲ ಇರಲಿಲ್ಲ, ಸೂರ್ಯ ಇತ್ತು. ನಾನು ಬೇಡ ಅಂದೆ.

ಇನ್ನೊಂದು ಹೇಳಲೇಬೇಕು. ನಮ್ಮದು ಶ್ರವಣಬೆಳಗೊಳದ ಹತ್ತಿರದ ಜೈನರ ಮನೆ. ತೀರ್ಥಂಕರನ ತಾಯಿ ಕಂಡ ಹದಿನಾರು ಕನಸನ್ನು ನಮ್ಮಜ್ಜಿ ಬಾಯಿಪಾಠ ಹೇಳುತ್ತಿದ್ದರು. ಆನೆ, ಎತ್ತು, ಸಿಂಹ, ಲಕ್ಷ್ಮಿ, ಹೂಮಾಲೆ, ಚಂದ್ರ, ಸೂರ್ಯ ಅಂತ ಬೆರಳು ಮಡಿಸುತ್ತಾ. ಪಂಚಕಲ್ಯಾಣ ಮಹೋತ್ಸವದಲ್ಲಿ ಆ ಕನಸುಗಳನ್ನು ಎಲ್ಲರೆದುರು ಹೇಳಿ, ಅರ್ಥ ಬಿಡಿಸಿ, ಸಂಭ್ರಮ ಪಡುತ್ತೇವೆ. ಅಂಥ ಮನೆಯವರಿಗೆ ಬಸುರಿ, ಸೂರ್ಯ ಅಂದಾಗ ಕುಂತಿಯೊಬ್ಬಳೇ ನೆನಪಾದಳು. ಹೆದರಿಕೆ ಬಂದಾಗ ತಲೆ ಹಾಗೇ ಓಡುತ್ತದೋ ಏನೋ.

ಮಗಳು ಹುಟ್ಟಿದಳು. ಗಂಡಲ್ಲ, ಮಗಳು. ಅಜ್ಜಿ ನೋಡಲು ಬಂದು ಅವಳ ಹಣೆ ಮುಟ್ಟಿ ಒಂದೇ ಪದ ಹೇಳಿದರು, 'ಹೆ'. ಸೂರ್ಯ. ಅವರಿಗೆ ಲೆಕ್ಕ ತಪ್ಪಿದ ಹಾಗೇನೂ ಅನ್ನಿಸಲಿಲ್ಲ. ಇಲ್ಲಿ ಒಂದು ಗಾದೆ ಇದೆ, ಕನಸಿಗಿಂತ ಕನಸಿನ ಅರ್ಥವೇ ಚೆಂದ ಅಂತ. ಆದ್ದರಿಂದ ಸೂರ್ಯ ಅಂದರೆ ಗಂಡು ಅಂತ ನೀನು ಈಗಲೇ ಅತ್ತೆಗೆ ಫೋನ್ ಮಾಡಬೇಡ. ಡಾಕ್ಟರ್ ಗಂಡೋ ಹೆಣ್ಣೋ ಹೇಳುತ್ತಾರಾ ಅಂತ ಕೇಳಿದ್ದೀಯ. ಹೌದು, ಹೇಳಬಹುದು. ಇಲ್ಲೂ 1987ರಿಂದ ನಿಷೇಧ ಇತ್ತು, ನಮ್ಮಲ್ಲಿರುವ ಕಾರಣಕ್ಕೇ, ಹೆಣ್ಣು ಅಂತ ಗೊತ್ತಾದರೆ ತೆಗೆಸುತ್ತಾರೆ ಅಂತ. ಆಮೇಲೆ 32 ವಾರ ಆದ ಮೇಲೆ ಹೇಳಬಹುದು ಅಂತಾಯಿತು. 2024ರ ಫೆಬ್ರವರಿಯಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನೂ ತೆಗೆದುಹಾಕಿತು. ನನ್ನ ಕಾಲದಲ್ಲಿ ಡಾಕ್ಟರು 'ಗುಲಾಬಿ ಬಟ್ಟೆ ತೆಗೆದಿಡಿ' ಅಂತ ಸೂಚನೆ ಕೊಡುತ್ತಿದ್ದರು. ಗೊತ್ತಾದರೂ ನಿನ್ನಲ್ಲೇ ಇಟ್ಟುಕೋ ಅನ್ನುವುದು ನನ್ನ ಮಾತು. ಊರಿನ ಫೋನುಗಳು ನಿನಗೂ ಗೊತ್ತು.

ನಾವು ಆಮೇಲೆ ಬೇರೆ ಮನೆಗೆ ಹೋದೆವು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ಹಾಳೆ ತಂದಳು. ಹುಟ್ಟಿದಾಗ ತೂಕ ಎಷ್ಟು, ಮೊದಲು ಆಡಿದ ಮಾತು ಯಾವುದು, ಥೆಮೊಂಗ್ ಏನು. ಚಿತ್ರ ಬರೆಯಲು ಜಾಗ. ಗೆಳತಿಯರಿಗೆಲ್ಲ ಅವರವರ ಕನಸು ಗೊತ್ತಿತ್ತು. ಒಬ್ಬಳದು ಸ್ಟ್ರಾಬೆರಿ, ಒಬ್ಬಳದು ಬಿಳಿ ಹಾವು. ನಾನು 'ಸೂರ್ಯ' ಅಂದೆ. 'ಎಲ್ಲಿಂದ ಬಂತು? ಸಮುದ್ರದಿಂದಲಾ, ಗುಡ್ಡದಿಂದಲಾ? ಬಿಸಿ ಇತ್ತಾ? ನೀನು ಹಿಡಿದೆಯಾ?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿಯನ್ನೇ ಕೇಳೋಣ ಅಂತ ಆ ಭಾನುವಾರ ಹಳೇ ಮನೆಗೆ ಹೋದೆವು. ಬೇರೆ ಯಾರೋ ಇದ್ದರು. ಅಜ್ಜಿ ತೀರಿಕೊಂಡು ಒಂದೂವರೆ ವರ್ಷ ಆಗಿತ್ತು. ಬರುತ್ತಾ ಬಸ್ಸಿನಲ್ಲಿ ಮಗಳಿಗೆ 'ಸಮುದ್ರದಿಂದ ಬಂತು, ಬೆಚ್ಚಗಿತ್ತು' ಅಂತ ಸುಳ್ಳು ಹೇಳಿದೆ. ಅವಳು ಅದನ್ನೇ ಬರೆದಳು. ಸಮುದ್ರ, ಸೂರ್ಯ, ಸೀರೆ ಉಟ್ಟ ನಾನು. ಹೋದ ವರ್ಷ ನಿಜ ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ದುಡ್ಡಿನ ವಿಷಯ. ಸಾವಿರ ವೊನ್ ಅಂದರೆ ಅರವತ್ತು ಎಪ್ಪತ್ತು ರೂಪಾಯಿ. ಕೊಡು. ಅದು ಬೆಲೆ ಅಲ್ಲ, ಶಾಸ್ತ್ರ. ಇರ್ಯೋನ್ ಭಿಕ್ಷುವಿನ ಅದೇ ಹಳೇ ಪುಸ್ತಕದಲ್ಲಿ ಶಿಲ್ಲಾ ಅನ್ನುವ ಹಳೇ ರಾಜ್ಯದ ಅಕ್ಕತಂಗಿಯರ ಕಥೆ ಇದೆ. ಅಕ್ಕ ಬೊಹುಯಿಗೆ ಒಂದು ವಿಚಿತ್ರ ಕನಸು ಬಿತ್ತು: ತಾನು ಗುಡ್ಡದ ಮೇಲೆ ಕೂತು ಉಚ್ಚೆ ಹೊಯ್ದಂತೆ, ರಾಜಧಾನಿಯೆಲ್ಲ ಮುಳುಗಿದಂತೆ. ತಂಗಿ ಮುನ್‌ಹುಯಿ, 'ಅದನ್ನು ನನಗೆ ಮಾರು' ಅಂತ ರೇಷ್ಮೆ ಲಂಗ ಕೊಟ್ಟು, ತಾನು ಉಟ್ಟ ಬಟ್ಟೆ ಒಡ್ಡಿ ಕನಸು ಇಸಿದುಕೊಂಡಳು. ಮುಂದೆ ರಾಣಿಯಾದಳು. ನೀನೂ ಸೆರಗೊಡ್ಡು. ಜೀನ್ಸಿನಲ್ಲಿ ಹೋಗಬೇಡ, ಚೂಡಿದಾರದ ವೇಲ್ ಆದರೂ ಇರಲಿ.

ಇನ್ನು ಊಟ. ಹೆರಿಗೆಯಾದ ಮೇಲೆ ಕೊಡುವ ಪಾಚಿ ಸಾರು, ಮಿಯೊಕ್‌ಗುಕ್, ಸಾಮಾನ್ಯವಾಗಿ ದನದ ಮಾಂಸ ಇಲ್ಲವೇ ಸಮುದ್ರದ ಮಾಂಸ ಹಾಕಿ ಮಾಡುತ್ತಾರೆ. ಮೊದಲೇ ಹೇಳಿಡು. ತುಲ್ಕೆ ಅನ್ನುವ ಕಾಳಿನ ಪುಡಿ ಹಾಕಿ ಮಾಡಿದ್ದು ಸಿಗುತ್ತದೆ, ನಮ್ಮ ಹುಚ್ಚೆಳ್ಳಿನ ನೆನಪು ಬರುತ್ತದೆ. ರಾಗಿ ಹಿಟ್ಟು ನನ್ನ ಹತ್ತಿರ ಇದೆ, ತಂದುಕೊಡುತ್ತೇನೆ. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗಿನ ಮಗುವಿಗೂ ಒಂದು ಮುದ್ದು ಹೆಸರು ಕೇಳುತ್ತಾರೆ, ಗಾಬರಿಯಾಗಬೇಡ. 'ಹೆಸ್ಸಾಲಿ' ಅಂತ ಕೊಡು, ಬಿಸಿಲ ಕಿರಣ. ಅಜ್ಜಿಗೂ ಖುಷಿಯಾಗುತ್ತದೆ.

ನಾಳೆಯೇ ಕೆಳಗೆ ಹೋಗು. ಒಂದು ಕೇಜಿ ಕಿತ್ತಳೆ ತೆಗೆದುಕೊಂಡು ಹೋಗು, ಬರಿಗೈಯಲ್ಲಿ ಬೇಡ. ಬಾಗಿಲು ಹಾಕಿಕೊಂಡಿದ್ದಕ್ಕೆ ತಲೆ ಬಗ್ಗಿಸು ಸಾಕು, ಅವರು ಅರ್ಥ ಮಾಡಿಕೊಳ್ಳುತ್ತಾರೆ. ಗುಡ್ಡ ಯಾವುದು, ಬೆಳಗಿನ ಸೂರ್ಯನಾ, ಲಂಗ ಯಾವ ಬಣ್ಣ, ಮುಚ್ಚಿಕೊಂಡಿದ್ದು ನೀನಾ ಅವರಾ, ಎಲ್ಲ ಕೇಳು. ಕೇಳಿದ್ದನ್ನು ಅವತ್ತೇ ಕನ್ನಡದಲ್ಲಿ ಬರೆದಿಡು. ಪಪಾಗೊ ಕೈಕೊಟ್ಟರೆ ನನಗೆ ಫೋನ್ ಮಾಡಿ ಸ್ಪೀಕರಿಗೆ ಹಾಕು. ಸಂಜೆ ಆರರ ಮೇಲೆ ಮಾಡು. ಅಷ್ಟು ಹೊತ್ತಿಗೆ ಮಗಳು ಮನೆಗೆ ಬಂದಿರುತ್ತಾಳೆ. ಅವಳೂ ಕೇಳಬೇಕಂತೆ.